ಟೋಪಿಗೆ ಅಳತೆ

ಲಂಡನ್ನಿನ ಬರ್ಮಂಡ್ಸಿಯಲ್ಲಿ ಹುಟ್ಟಿ ಬೆಳೆದ ಡೊರೀನ್ ಪಾಸ್ಕ್‌ಗೆ ತಪ್ಪು ಮಾತು ಕಂಡರೆ ತಿದ್ದದೆ ಇರಲಾಗುತ್ತಿರಲಿಲ್ಲ. ಟೈಪಿಂಗ್ ಅವಳ ಹೊಟ್ಟೆಪಾಡು. ಪತ್ತೇದಾರಿ ಕಾದಂಬರಿ ಬರೆಯುವ ಆಬ್ರಿ ಫೇನ್ ಎಂಬ ದೊಡ್ಡಮನೆಯ ಸಾಹೇಬರ ಹಸ್ತಪ್ರತಿಗಳೆಲ್ಲ ಅವಳ ಮೇಜಿಗೇ ಬರುತ್ತಿದ್ದವು. ಆ ಮಹಾನುಭಾವರ ಕಳ್ಳರು ಪಾದ್ರಿಗಳಂತೆ ಮಾತಾಡುತ್ತಿದ್ದರು. 'ಕಾರಾಗೃಹವಾಸ' ಎಂದಲ್ಲಿ ಡೊರೀನ್ 'ಗಂಜಿ' ಎಂದು ಕುಟ್ಟಿದಳು, 'ಗುಪ್ತ ಮಾಹಿತಿದಾರ' ಎಂದಲ್ಲಿ 'ಹುಲ್ಲು'. ಬರ್ಮಂಡ್ಸಿಯ ಕೂಸಿಗೂ ಗೊತ್ತಿರುವ ಕಳ್ಳರ ಮಾತುಗಳಿವು. ಫೇನ್ ಸಾಹೇಬರು ಕುಣಿದಾಡಿಬಿಟ್ಟರು.

ಅದೇ ಹುಮ್ಮಸ್ಸಿನಲ್ಲಿ ಒಂದು ಕಡೆ 'ಕೊಂದರು' ಎಂಬುದನ್ನು ಬಿಟ್ಟು 'ಟೋಪಿಗೆ ಅಳತೆ ತಗೊಂಡ್ರು' ಎಂದು ಕುಟ್ಟಿದಳು. ಕನ್ನಡದಲ್ಲಿ ಟೋಪಿ ಹಾಕಿಸಿಕೊಂಡವನ ದುಡ್ಡಷ್ಟೇ ಹೋಗುತ್ತದೆ. ಅಲ್ಲಿ ಟೋಪಿಗೆ ಅಳತೆ ಕೊಟ್ಟವನ ತಲೆಯೇ ಹೋಗುತ್ತದೆ. ಆದರೆ ಈ ಮಾತು ಬರ್ಮಂಡ್ಸಿಯದಲ್ಲ, ಆಲ್ಫ್ ಕ್ರಿಸ್ಪ್ ಎಂಬ ದರೋಡೆಕೋರನ ನಾಲ್ಕೇ ಜನರ ಗುಂಪಿನದು. ಅವರಲ್ಲೊಬ್ಬ ಡೊರೀನ್‌ಳ ತಮ್ಮ ಸಿಡ್.

ಪುಸ್ತಕ ಬಂದದ್ದು ಸಾವಿರದ ಒಂಬೈನೂರ ಐವತ್ತೆಂಟರಲ್ಲಿ. ತಿಂಗಳು ಕಳೆದು ಒಂದು ಭಾನುವಾರ, ಸಂಜೆಯ ಚಹಾಕ್ಕೆ ಸಿಡ್ ಸೀಗಡಿ ತರಲು ಹೋಗಿದ್ದಾಗ, ಆಲ್ಫ್ ಒಬ್ಬನೇ ಅವಳ ಮನೆಗೆ ಬಂದು ಪುಸ್ತಕವನ್ನು ಮೇಜಿನ ಮೇಲಿಟ್ಟ.

"ಏನ್ ಚಿನ್ನಾ, ಮೊದಲನೇ ಪುಟದಲ್ಲೇ ಕೂತ್ಬಿಟ್ಟಿದೀಯಲ್ಲ! 'ನನಗೆ ಮಾತು ಕಲಿಸಿದ ಡೊರೀನ್‌ಗೆ.' ನಮ್ಮಮ್ಮನಾಣೆ, ಕಣ್ಣಲ್ಲಿ ನೀರ್ ಬಂತು."

"ತಮಾಷೆ ಸಾಕು ಆಲ್ಫ್. ಚಹಾ ಆರುತ್ತೆ."

"ತೊಂಬತ್ತನೇ ಪುಟದಲ್ಲಿ ಟೋಪಿ ಅಂಗಡಿ ಇಟ್ಟಿದಾನೆ ನಿನ್ ಸಾಹೇಬ. ಆ ಮಾತು ನಾಲ್ಕು ಬಾಯಿ ದಾಟಿರ್ಲಿಲ್ಲ. ಇನ್ನಿಬ್ರನ್ನ ಕೇಳಿ ಆಯ್ತು, ಉಳಿದೋನು ನಿನ್ ತಮ್ಮ. ಅಕ್ಕನ ಹತ್ರ ಇಷ್ಟು ಹೇಳಿದೋನು ಪೊಲೀಸ್ರ ಹತ್ರ ಎಷ್ಟು ಹೇಳಿರ್ತಾನೆ? ಹುಲ್ಲು ಕಣೇ, ಹುಲ್ಲು. ಬೆಳೆಯೋಕ್ ಮುಂಚೆ ಕೊಯ್ಬೇಕು."

ಅವನ ಕಣ್ಣು ಗೂಟದ ಮೇಲಿದ್ದ ಸಿಡ್‌ನ ಟೋಪಿಯ ಮೇಲಿತ್ತು. ಡೊರೀನ್ ಅದನ್ನು ಕಂಡಳು. ತನ್ನ ಜಾಣತನಕ್ಕೆ ತಮ್ಮ ಸಾಯುವುದೇ? ತಪ್ಪು ಕಂಡರೆ ತಿದ್ದುವ ಬಾಯಿ ಈಗಲೂ ಸುಮ್ಮನಿರಲಿಲ್ಲ.

"ಸಿಡ್ ಅಲ್ಲ. ಹೋದ ಕ್ರಿಸ್‌ಮಸ್‌ಗೆ ಇದೇ ಕುರ್ಚಿ ಮೇಲೆ ಕುಡ್ದು ಕೂತು ಹೇಳಿದ್ದು ನೀನೇ. ಮೂರ್ ಸಲ ಹೇಳ್ದೆ. ಯಾರ ಟೋಪಿ ಅಂತಾನೂ ಹೇಳ್ದೆ."

ಕೊನೆಯ ಮಾತು ಜಾರಿದ ಮೇಲೆಯೇ ಅವಳಿಗೆ ಅದರ ಅರ್ಥವಾದದ್ದು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು.

ಆಲ್ಫ್ ಚಹಾ ಕುಡಿದು ಮುಗಿಸಿದ. "ಹೌದಲ್ವಾ, ನಾನೇ," ಎಂದು ನಕ್ಕು ಎದ್ದ. ಸಿಡ್‌ನ ಟೋಪಿಯನ್ನು ಮುಟ್ಟಲಿಲ್ಲ. ಪಕ್ಕದ ಗೂಟದಿಂದ ಡೊರೀನ್‌ಳ ನೀಲಿ ಟೋಪಿ ತೆಗೆದು, ಒಳಗಿನ ಪಟ್ಟಿಯಲ್ಲಿದ್ದ ಅಳತೆ ಓದಿಕೊಂಡು, ಜೋಪಾನವಾಗಿ ಮತ್ತೆ ತೂಗುಹಾಕಿದ.

"ಒಳ್ಳೇ ಜ್ಞಾಪಕಶಕ್ತಿ ಕಣೇ ನಿಂದು. ಸಿಡ್ ಬಂದ್ರೆ ಹೇಳು, ಅವ್ನ ಮೇಲೆ ನಂಗೇನೂ ಸಿಟ್ಟಿಲ್ಲ ಅಂತ."

ಮೆಟ್ಟಿಲ ಮೇಲೆ ಸಿಡ್ ಸಿಳ್ಳೆ ಹಾಕುತ್ತ ಬರುತ್ತಿದ್ದ. ಡೊರೀನ್ ಸೀಗಡಿಗೆ ತಟ್ಟೆ ತೆಗೆದಿಟ್ಟಳು.