ಮಸ್ಕತ್ತಿನಿಂದ ಮೂರೂವರೆ ಗಂಟೆ

ಮಸ್ಕತ್ತಿನಿಂದ ಬೆಂಗಳೂರಿಗೆ ವಿಮಾನದಲ್ಲಿ ಮೂರೂವರೆ ಗಂಟೆ. ಮಾವ ಕೇಳಿದರು, ನಾನು ಹೇಳಿದೆ. ಆ ಮೂರೂವರೆ ಗಂಟೆ ನೆನೆದರೆ ಈಗಲೂ ನನ್ನ ಹೊಟ್ಟೆ ಉರಿಯುತ್ತದೆ.

ಅವ್ವ ಹಿಂದಿನ ಸಂಜೆ ಕೆರೆಬಿಳಚಿಯ ನಮ್ಮ ಮನೆಯಲ್ಲಿ ತೀರಿಕೊಂಡಿದ್ದಳು. ತಂಗಿ ಮಸ್ಕತ್ತಿನ ಆಸ್ಪತ್ರೆಯೊಂದರಲ್ಲಿ ನರ್ಸ್. "ಅಕ್ಕಾ, ನಾ ಬರೋವರೆಗೂ ಅವ್ವನ್ನ ಎತ್ತಬ್ಯಾಡ್ರಿ, ಮುಖ ನೋಡ್ಬೇಕು" ಎಂದು ಫೋನಿನಲ್ಲಿ ಅತ್ತಿದ್ದಳು. ಆಗಲಿ ಎಂದಿದ್ದೆ. ಬೆಳಗಿನ ವಿಮಾನಕ್ಕೆ ಟಿಕೆಟ್ಟೂ ಸಿಕ್ಕಿತ್ತು.

ಸೊಕ್ಕೆಯಿಂದ ಬಂದ ಸೋದರಮಾವ ಜಗಲಿಯಲ್ಲಿ ಕೂತು ಲೆಕ್ಕ ಹಾಕಿದರು. "ಮೂರೂವರೆ ಗಂಟೆನಾ? ನಾ ಜಗಳೂರು, ದಾವಣಗೆರೆ ಅಂತ ಬಸ್ಸು ಬದಲಿಸ್ಕೊಂಡು ಇಲ್ಲಿಗೆ ಬರಾಕೂ ಅಷ್ಟೇ ಹೊತ್ತಾತು. ಹಂಗಾರೆ ಮಧ್ಯಾಹ್ನಕ್ಕೆ ಮನೇಲಿರ್ತಾಳೆ ಬಿಡು" ಅಂದವರೇ, ಹೊಲದಲ್ಲಿ ಅಪ್ಪನ ಪಕ್ಕಕ್ಕೆ ಗುಂಡಿ ತೋಡಲು ಆಳುಗಳನ್ನು ಕಳಿಸಿಬಿಟ್ಟರು. ಇಳಿದ ಮೇಲೆ ಬೆಂಗಳೂರಿನಿಂದ ಇಲ್ಲಿಗೆ ಕಾರಿನಲ್ಲೇ ಐದಾರು ಗಂಟೆ ಬೇಕು ಎಂದು ನಾನು ಬಾಯಿ ಬಡಿದುಕೊಳ್ಳುವಷ್ಟರಲ್ಲಿ ಗುಂಡಿ ತೋಡಿಯಾಗಿತ್ತು. ನಮ್ಮಲ್ಲಿ ತೋಡಿದ ಗುಂಡಿಯನ್ನು ರಾತ್ರಿ ಖಾಲಿ ಬಿಡುವಂತಿಲ್ಲ. ಬಿಟ್ಟರೆ ಅದು ಮನೆಯ ಇನ್ನೊಬ್ಬರನ್ನು ಕೇಳುತ್ತದಂತೆ. ಅಯ್ಯೋ ಶಿವನೇ, ಯಾರ ಹತ್ತಿರ ಜಗಳ ಮಾಡಲಿ?

ಅದರ ಮೇಲೆ ವಿಮಾನವೂ ತಡವಾಗಿ ಹೊರಟಿತು.

ಅವ್ವನಿಗೆ ವಿಭೂತಿ ಹಚ್ಚಿ, ನಮ್ಮ ಪದ್ಧತಿಯಂತೆ ಅಂಗಳದ ಶಾಮಿಯಾನದ ಕೆಳಗೆ ಕೂರಿಸಿದ್ದೆವು. ನಾನು ಪಕ್ಕದಲ್ಲಿ ಮೊಬೈಲ್ ಹಿಡಿದು, ನಕ್ಷೆಯ ಸಮುದ್ರದ ಮೇಲೆ ತೆವಳುತ್ತಿದ್ದ ಸಣ್ಣ ವಿಮಾನವನ್ನು ನೋಡುತ್ತಿದ್ದೆ. ಗೋವಿನಕೋವಿಯ ದೊಡ್ಡಮ್ಮ ಗಳಿಗೆಗೊಮ್ಮೆ "ಈಗೆಲ್ಲಿಗೆ ಬಂತೇ?" ಎನ್ನುವಳು. ಕಾರವಾರ ಅಂದೆ. ಶಿರಸಿ ಅಂದೆ. ಹೊನ್ನಾಳಿ ಅಂದ ಕೂಡಲೇ ಸೆರಗು ಬಿಗಿದು ಎದ್ದೇಬಿಟ್ಟಳು.

"ಹೊನ್ನಾಳಿಗೆ ಬಂದ್ಲು ಅಂದ್ರೆ ಮನಿಗೇ ಬಂದಂಗೆ! ಇಲ್ಲೇ ಇಳಸಾಕೆ ಹೇಳ್ರಿ ಯಾರಾದ್ರೂ."

ಬಸ್ಸಿಗೆ ಕೈ ಅಡ್ಡ ಹಾಕಿ, ಬೇಕಾದಲ್ಲಿ ಹತ್ತಿ ಬೇಕಾದಲ್ಲಿ ಇಳಿದ ಜೀವ ಅದು. ಯಾರೂ ನಗಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರುವುದಿಲ್ಲ ಅನ್ನುವುದು ಎಲ್ಲರಿಗೂ ಗೊತ್ತಾಗಿತ್ತು.

ಅಷ್ಟರಲ್ಲಿ ಮೇಲೆ ಸದ್ದು ಕೇಳಿಸಿತು. "ಕೆಳಗಿಳಿಯಾಕೆ ಆಗಲ್ಲ ಅಂದ್ರೆ ಮೇಲಿಂದಾದ್ರೂ ತಾಯಿ ಮುಖ ನೋಡ್ಲಿ. ಆ ಬಟ್ಟೆ ಸರಿಸ್ರೋ!" ಎಂದು ದೊಡ್ಡಮ್ಮ ಗದರಿದಳು. ಮಾವನೇ ಹೋಗಿ ಶಾಮಿಯಾನದ ಹಗ್ಗ ಬಿಚ್ಚಿದರು. ಅಷ್ಟೆತ್ತರದಿಂದ ಮನೆಯೂ ಕಾಣುವುದಿಲ್ಲ ಎಂದು ಗೊತ್ತಿದ್ದ ನಾನೂ ಒಂದು ಮೂಲೆ ಹಿಡಿದು ಎಳೆದೆ. ಅವ್ವನ ಮುಖದ ಮೇಲೆ ಬಿಸಿಲು ಬಿತ್ತು. ಎಲ್ಲರೂ ತಲೆಯೆತ್ತಿ ನಿಂತೆವು. ಬಿಳಿ ಚುಕ್ಕೆಯೊಂದು ಚನ್ನಗಿರಿಯ ಕಡೆ ಸರಿದು ಹೋಯಿತು.

ಬೆಂಗಳೂರಿನಲ್ಲಿ ಇಳಿದ ತಕ್ಷಣ ತಂಗಿ ವಿಡಿಯೊ ಕಾಲ್ ಮಾಡಿದಳು. ಹೊತ್ತು ಮುಳುಗುವುದರೊಳಗೆ ಅವಳು ಬಂದು ಮುಟ್ಟುವುದು ಆಗದ ಮಾತು. ಅದನ್ನು ಹೇಳಬೇಕಾದವಳು ನಾನು. ಮೊಬೈಲನ್ನು ಅವ್ವನ ಕಡೆ ತಿರುಗಿಸಿದೆ.

ಅವಳು ನನ್ನ ಮೇಲೆ ರೇಗಿದಳು.

"ಅಕ್ಕಾ, ಬುದ್ಧಿ ಐತಾ ನಿಂಗೆ? ಶಾಮಿಯಾನ ಯಾಕೆ ತೆಗ್ಸಿದೆ? ಅವ್ವಂಗೆ ಬಿಸ್ಲು ಹೊಡೀತೈತೆ ನೋಡು!"