ನೆಲದ ಮೇಸ್ತ್ರಿಯ ಮಂಡಿಗಳು

ಟೈಲ್ಸ್ ಹಾಕುವ ಆ ಮೇಸ್ತ್ರಿಗೆ ಐವತ್ತೆಂಟು ವರ್ಷ. ಅದರಲ್ಲಿ ಮೂವತ್ತನಾಲ್ಕು ವರ್ಷವನ್ನು ಮಂಡಿಯ ಮೇಲೆಯೇ ಕಳೆದಿದ್ದರು. ಮನುಷ್ಯರೆದುರು ಮಂಡಿಯೂರಿದವರಲ್ಲ, ಮನೆ ಕಟ್ಟಿಸುವವರು ದನಿ ಏರಿಸಿದರೆ ಕರಣೆ ಕೆಳಗಿಟ್ಟು ಹೊರಟೇಬಿಡುವ ಸ್ವಭಾವ. ಬೆಳಗಿನಿಂದ ಸಂಜೆಯವರೆಗೆ ಮಂಡಿಯೂರುತ್ತಿದ್ದುದು ನೆಲದೆದುರು ಮಾತ್ರ. ಕೂರಿಸಿದ ಪ್ರತಿ ಟೈಲನ್ನೂ ಬೆರಳ ಗೆಣ್ಣಿನಿಂದ ತಟ್ಟಿ, ಕಿವಿ ಹತ್ತಿರ ತಂದು ಕೇಳುತ್ತಿದ್ದರು. ಟೊಳ್ಳು ಸದ್ದು ಬಂದರೆ, ನೋಡುವವರು ಯಾರೂ ಇಲ್ಲದಿದ್ದರೂ, ಕಿತ್ತು ಮತ್ತೆ ಹಾಕುತ್ತಿದ್ದರು.

ಜೊತೆಗೆ ಕೆಲಸ ಮಾಡುತ್ತಿದ್ದವನು ಹೆಂಡತಿಯ ತಮ್ಮ. ಇಪ್ಪತ್ತಾರು ವರ್ಷದ ಜೋಡಿ. ಮೇಸ್ತ್ರಿ ಮಾತು ಕಡಿಮೆ. ಭಾಮೈದನ ಬಾಯಿ ಸುಮ್ಮನಿರುತ್ತಿದ್ದುದು ಅಳತೆ ತೆಗೆಯುವಾಗ ಮಾತ್ರ.

ನೋವು ಶುರುವಾದದ್ದು ಬಲ ಮಂಡಿಯಲ್ಲಿ. ಬೆಳಿಗ್ಗೆ ಎದ್ದಾಗ ಕೀಲು ತುಕ್ಕು ಹಿಡಿದಂತೆ ಬಿಗಿದಿರುತ್ತಿತ್ತು. ನಾಲ್ಕು ಹೆಜ್ಜೆ ಹಾಕಿದ ಮೇಲೆ ಸಡಿಲವಾಗುತ್ತಿತ್ತು. ಆಮೇಲೆ ಎಡ ಮಂಡಿಯೂ ಅದೇ ದಾರಿ ಹಿಡಿಯಿತು. ಮೆಟ್ಟಿಲು ಹತ್ತುವುದಕ್ಕಿಂತ ಇಳಿಯುವುದು ಕಷ್ಟ. ಮೇಸ್ತ್ರಿ ಯಾರಿಗೂ ಹೇಳಲಿಲ್ಲ. ಮಂಡಿ ಹೋದ ಮೇಸ್ತ್ರಿಯನ್ನು ಕೆಲಸಕ್ಕೆ ಕರೆಯುವವರು ಯಾರು? ಭಾಮೈದನೇ ಬೇರೆ ಜೊತೆಗಾರನನ್ನು ಹುಡುಕಿಕೊಂಡರೆ?

ಮೊದಲು ಕಂಡುಹಿಡಿದವಳು ಹೆಂಡತಿ. ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳು, ದಿನವಿಡೀ ನಿಂತೇ ಕೆಲಸ. ಕಾಲಿನ ಭಾಷೆ ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ಏನ್ರೀ, ಮೆಟ್ಟಿಲನ್ನ ಏಡಿ ಥರ ಅಡ್ಡಡ್ಡ ಇಳೀತೀರಲ್ಲ?"

"ಒಂಚೂರು ಹಿಡ್ಕೊಂಡಿದೆ. ಹೋಗುತ್ತೆ."

ಹೋಗಲಿಲ್ಲ. ಎಣ್ಣೆ ತಿಕ್ಕಿದ್ದಾಯಿತು, ಬಿಸಿನೀರಿನ ಚೀಲ ಇಟ್ಟದ್ದಾಯಿತು, ಮೊಣಕಾಲಿಗೆ ಪಟ್ಟಿ ಬಿಗಿದದ್ದಾಯಿತು. ಅಂಗಡಿಯಿಂದ ತಂದ ನೋವಿನ ಮಾತ್ರೆ ನುಂಗಿ ನುಂಗಿ ಹೊಟ್ಟೆ ಉರಿಯತೊಡಗಿತು. ಆಸ್ಪತ್ರೆಗೆ ನಡೆಯಿರಿ ಎಂದು ಹೆಂಡತಿ ಹೇಳಿದಾಗಲೆಲ್ಲ, "ಅಲ್ಲಿಗೆ ಹೋದ್ರೆ ಕೊಯ್ದೇ ಕಳಿಸ್ತಾರೆ" ಎಂದು ಜಾರಿಕೊಳ್ಳುತ್ತಿದ್ದರು.

ಆಗ ಒಂದು ಪುಡಿ ತಂದುಕೊಟ್ಟವಳು ಮೇಸ್ತ್ರಿಯ ಅಕ್ಕ. ಅಂಚೆ ಕಚೇರಿಯ ಕೌಂಟರಿನಲ್ಲಿ ಕೆಲಸ ಮಾಡಿ ನಿವೃತ್ತಳಾದವಳು, ತಮ್ಮನನ್ನು ಎತ್ತಿ ಆಡಿಸಿದವಳು. ಅವಳ ಮಂಡಿಗಳೂ ಕೆಟ್ಟಿದ್ದವು. ಬಿಳಿ ಕಾಗದದ ಸಣ್ಣ ಪೊಟ್ಟಣಗಳು. ಮೇಲೆ ಹೆಸರಿಲ್ಲ, ಊರಿಲ್ಲ.

"ಬರೀ ಬೇರು, ಎಲೆ ಕಣೋ. ನಾನು ತಿಂಗಳಿಂದ ತಗೋತಿದೀನಿ. ನೋಡು, ಹೇಗೆ ನಡೀತಿದೀನಿ!"

ಮೂರನೆಯ ದಿನಕ್ಕೆ ನೋವು ಮಾಯ. ಮೇಸ್ತ್ರಿಗೆ ಹತ್ತು ವರ್ಷ ಹಿಂದಕ್ಕೆ ಹೋದಂತಾಯಿತು. ಒಂದು ದೊಡ್ಡ ಸಭಾಂಗಣದ ನೆಲವನ್ನೇ ಒಪ್ಪಿಕೊಂಡರು. ಹಸಿವು ಹೆಚ್ಚಿತು, ಮುಖ ದುಂಡಗಾಯಿತು. "ಮೈಕೈ ತುಂಬ್ಕೊಂಡಿದೀರಿ" ಎಂದು ಕಂಡವರು ಹೊಗಳಿದರು. ಬಾಯಾರಿಕೆ ಮಾತ್ರ ಇಂಗುತ್ತಿರಲಿಲ್ಲ, ಸಣ್ಣದೇನಾದರೂ ತಾಗಿದರೆ ಚರ್ಮ ನೀಲಿಗಟ್ಟುತ್ತಿತ್ತು. ಹೆಂಡತಿ ಆ ಕಲೆಗಳನ್ನು ನೋಡಿ ಹುಬ್ಬು ಗಂಟಿಕ್ಕಿದಳು. ಅವರು ಅಂಗಿಯ ತೋಳು ಇಳಿಬಿಟ್ಟುಕೊಂಡರು.

ನಾಲ್ಕನೆಯ ತಿಂಗಳಲ್ಲಿ ಪುಡಿ ಮುಗಿಯಿತು. ಅಕ್ಕನಿಗೆ ಅದನ್ನು ಮಾರುತ್ತಿದ್ದವನು ಎಲ್ಲಿಗೋ ಹೋಗಿದ್ದ. ಪುಡಿಯಿಲ್ಲದ ಮೂರನೆಯ ದಿನ, ಸಭಾಂಗಣದಲ್ಲಿ ಟೈಲು ಕೂರಿಸುತ್ತಿದ್ದ ಮೇಸ್ತ್ರಿಗೆ ಏಳಲಾಗಲಿಲ್ಲ. ನೋವಿಗಿಂತ ಹೆಚ್ಚಾಗಿ ನಿತ್ರಾಣ, ವಾಂತಿ, ಕಣ್ಣಿಗೆ ಕತ್ತಲೆ. ಹಸಿ ಗಾರೆಯ ಮೇಲೆ ಕೈಯೂರಿ ಹಾಗೇ ವಾಲಿದರು. ಭಾಮೈದ ಓಡಿಬಂದು ಹಿಡಿದುಕೊಂಡ. ಗಾಬರಿಯಲ್ಲೂ ಅವನ ಬಾಯಿ ನಿಲ್ಲಲಿಲ್ಲ: "ಮಂಡಿ ಕೈಕೊಡೋದು ಅಂದ್ರೆ ಇದೇ ನೋಡಿ ಭಾವ!" ಹಾಗೆನ್ನುತ್ತಲೇ ಅವರನ್ನು ಎತ್ತಿಕೊಂಡು ರಸ್ತೆಗೆ ಓಡಿದ.

ಆಸ್ಪತ್ರೆಯಲ್ಲಿ ಡ್ರಿಪ್ ಏರಿಸಿ, ರಕ್ತ ತೆಗೆದು, ಎಕ್ಸ್-ರೇ ಮಾಡಿದರು. ಸಂಜೆ ಬಂದ ವೈದ್ಯರು ವಯಸ್ಸಾದವರು, ಸಾವಧಾನದ ಮನುಷ್ಯ.

"ಬೇರೆ ಏನಾದ್ರೂ ಔಷಧಿ ತಗೋತಿದ್ರಾ?"

"ಇಲ್ಲ ಸಾರ್."

ಹೆಂಡತಿ ಚೀಲ ತೆರೆದು, ಖಾಲಿ ಪೊಟ್ಟಣವೊಂದನ್ನು ಹಾಸಿಗೆಯ ಮೇಲಿಟ್ಟು, "ನಾಲ್ಕು ತಿಂಗಳಿಂದ ಇದು. ಮುಗಿದು ಮೂರು ದಿನ ಆಯ್ತು" ಎಂದಳು. ಮೇಸ್ತ್ರಿ ಗೋಡೆಯ ಕಡೆ ತಿರುಗಿದರು. ಬೈಗುಳಕ್ಕೆ ಸಿದ್ಧರಾಗಿದ್ದರು, ಆದರೆ ವೈದ್ಯರು ಕುರ್ಚಿ ಎಳೆದುಕೊಂಡು ಕೂತರು.

"ನೋವಿದ್ದೋರು ಯಾರಾದ್ರೂ ಇದನ್ನೇ ಮಾಡ್ತಾರೆ, ಬಿಡಿ. ನಿಮ್ಮ ಮುಖ, ಸಕ್ಕರೆ, ಬೀಪಿ ಎಲ್ಲ ನೋಡಿದ್ರೆ ಇದರಲ್ಲಿ ಸ್ಟೀರಾಯ್ಡ್ ಬೆರೆಸಿರೋ ಹಾಗಿದೆ. ಅದು ಮಂಡಿಯನ್ನ ವಾಸಿ ಮಾಡಲ್ಲ, ನೋವನ್ನ ಮುಚ್ಚಿಡುತ್ತೆ. ದಿಢೀರಂತ ನಿಂತುಹೋಯ್ತಲ್ಲ, ಅದಕ್ಕೇ ದೇಹ ಕುಸೀತು. ಇನ್ನು ಅದನ್ನೇ ನಾನು ಮಾತ್ರೆಯಾಗಿ ಅಳತೆಯಲ್ಲಿ ಕೊಟ್ಟು, ಸ್ವಲ್ಪಸ್ವಲ್ಪವೇ ಕಮ್ಮಿ ಮಾಡ್ತಾ ಬಿಡಿಸ್ಬೇಕು."

ಎಕ್ಸ್-ರೇ ಬೆಳಕಿಗೆ ಹಿಡಿದಾಗ ಮೇಸ್ತ್ರಿ ಎದ್ದು ಕೂತು ನೋಡಿದರು. "ಇಲ್ಲಿ ಸಂದೇ ಇಲ್ವಲ್ಲ ಸಾರ್. ಎರಡು ಟೈಲು ಒಂದಕ್ಕೊಂದು ತಾಗಿಸಿ ಹಾಕಿದ ಹಾಗಿದೆ."

"ಸರಿಯಾಗಿ ಹೇಳಿದ್ರಿ. ನಡುವೆ ಇದ್ದ ಮೆತ್ತೆ ಸವೆದಿದೆ. ಅದನ್ನ ಮತ್ತೆ ಬೆಳೆಸೋ ಔಷಧಿ ನನ್ನ ಹತ್ರ ಇಲ್ಲ. ಇದೆ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ."

ಅಷ್ಟು ನೇರವಾದ ಮಾತು ಎದೆಗೆ ನಾಟಿತು. ಆದರೂ ಆ ಮನುಷ್ಯನ ಮೇಲೆ ಮೇಸ್ತ್ರಿಗೆ ನಂಬಿಕೆ ಹುಟ್ಟಿದ್ದು ಆಗಲೇ.

"ಹಾಗಾದ್ರೆ ಕೊಯ್ಯೋದೇ?"

"ಅದು ಕೊನೆಗೆ, ಬೇಕಾದ್ರೆ. ಮೊದಲು ತೊಡೆಗೆ ಬಲ ತುಂಬಿಸಿ, ತೂಕ ಇಳಿಸಿ. ಕೀಲಿನ ಭಾರ ಸ್ನಾಯು ಹೊರಲಿ."

ಮರುದಿನ ಭಾಮೈದ ಬಂದು ಪಕ್ಕದಲ್ಲಿ ಕೂತ. ಮೇಸ್ತ್ರಿ, "ನಿನಗೆ ಮೊದಲೇ ಹೇಳ್ಬೇಕಿತ್ತು" ಎಂದರು.

"ಏನು ಹೇಳೋದು? ಎರಡು ವರ್ಷದಿಂದ ಗೊತ್ತು ನಂಗೆ. ಬಚ್ಚಲುಮನೆ ಮೂಲೆಗಳನ್ನೆಲ್ಲ ನಾನೇ ಯಾಕೆ ಹಾಕ್ತಿದ್ದೆ ಅಂದ್ಕೊಂಡ್ರಿ? ಅಲ್ಲಿ ತಂಪಾಗಿರುತ್ತೆ ಅಂತಾನಾ?"

"ಕೇಳ್ಬೋದಿತ್ತಲ್ಲೋ."

"ನೀವಾಗೇ ಹೇಳ್ಲಿ ಅಂತ ಕಾದೆ ಭಾವ. ಭಾವನ ಬಾಯಿ ಬಿಡಿಸೋದು ನನ್ನ ಕೈಲಾಗೋ ಕೆಲಸವಾ?"

ಮೇಸ್ತ್ರಿ ಅವನ ಹೆಗಲ ಮೇಲೆ ಕೈಯಿಟ್ಟರು. ಎರಡು ವರ್ಷ ತಾವು ಗುಟ್ಟು ಕಾಯುತ್ತಿದ್ದೇವೆಂದುಕೊಂಡಿದ್ದರು, ಕಾಯುತ್ತಿದ್ದವನು ಇವನು.

ಫಿಸಿಯೋಥೆರಪಿಯ ಕೋಣೆಯಲ್ಲಿದ್ದ ಹೆಂಗಸು ದಪ್ಪ ದನಿಯವಳು, ನಗುವಿನಲ್ಲಿ ಬಲು ಜಿಪುಣಿ. "ಕುರ್ಚಿಯಿಂದ ಕೈ ಊರದೆ ಏಳಿ" ಎಂದಳು. ನಾಲ್ಕನೆಯ ಸಲಕ್ಕೇ ಮೇಸ್ತ್ರಿಯ ತೊಡೆ ಗಡಗಡ ನಡುಗಿತು. ಮಲಗಿ ಕಾಲು ನೆಟ್ಟಗೆ ಎತ್ತಬೇಕು, ಹತ್ತು ಎಣಿಸಿ ಇಳಿಸಬೇಕು; ಗೋಡೆಗೆ ಬೆನ್ನು ಕೊಟ್ಟು ಅರ್ಧ ಕೂರಬೇಕು.

"ಮೂವತ್ತನಾಲ್ಕು ವರ್ಷ ಕಲ್ಲು ಹೊತ್ತಿದೀನಿ ತಾಯಿ, ನಂಗೆ ವ್ಯಾಯಾಮ ಹೇಳ್ಕೊಡ್ತೀರಾ?"

"ಹೊತ್ತಿದ್ದು ಬೆನ್ನು, ಸವೆದಿದ್ದು ಮಂಡಿ, ಸೋಮಾರಿ ಬಿದ್ದಿದ್ದು ತೊಡೆ. ಎತ್ತಿ ಕಾಲು."

ಮೂರು ವಾರವಾದರೂ ಗುಣ ಕಾಣಲಿಲ್ಲ. ಪುಡಿ ಮೂರು ದಿನಕ್ಕೆ ಮಾಡಿದ್ದನ್ನು ಇದು ಮೂರು ವಾರಕ್ಕೂ ಮಾಡುವುದಿಲ್ಲವೆಂದು ಅವರ ಪಿತ್ತ ನೆತ್ತಿಗೇರಿತು. ಒಂದು ವಾರ ಹೋಗಲೇ ಇಲ್ಲ. ಹೆಂಡತಿ ಜಗಳವಾಡಲಿಲ್ಲ. ಬೆಳಿಗ್ಗೆ ಕುರ್ಚಿಯನ್ನು ತಂದು ಅಡುಗೆಮನೆಯ ಬಾಗಿಲಿಗಿಟ್ಟು, ತಾನೇ ಕೂತು, ಕೈ ಊರದೆ ಎದ್ದಳು. ಮತ್ತೆ ಕೂತಳು, ಮತ್ತೆ ಎದ್ದಳು. "ನಂಗೂ ಕಾಲು ನೋಯುತ್ತೆ ರೀ. ಒಬ್ಬಳೇ ಮಾಡೋಕೆ ಬೇಜಾರು" ಎಂದಳು. ಅವಳ ಕಾಲು ನೋಯುತ್ತದೆಂದು ಅವರು ಕೇಳಿದ್ದು ಅದೇ ಮೊದಲು. ಅಂದಿನಿಂದ ಎರಡು ಕುರ್ಚಿ ಎದುರುಬದುರಾದವು.

ಒಂಬತ್ತನೆಯ ವಾರ ಮೆಟ್ಟಿಲಿಳಿಯುತ್ತಿದ್ದ ಮೇಸ್ತ್ರಿ ನಡುವೆ ನಿಂತರು. ನೇರವಾಗಿ ಇಳಿಯುತ್ತಿದ್ದರು, ಒಂದು ಕಾಲು, ಇನ್ನೊಂದು ಕಾಲು. ನೋವಿತ್ತು. ಆದರೆ ಮುಂದಿನ ಹೆಜ್ಜೆಯ ಭಯ ಇರಲಿಲ್ಲ.

ಕೆಲಸದ ರೀತಿಯೂ ಬದಲಾಯಿತು. ಅಳತೆ, ಗುರುತು, ಮೇಜಿನ ಮೇಲೆ ಟೈಲು ಕೊಯ್ಯುವುದು ಅವರದು. ನೆಲಕ್ಕೆ ಕೂರಿಸುವುದು ಭಾಮೈದನದು. ಬಾಗಲೇಬೇಕಾದಲ್ಲಿ ಚಕ್ರದ ಕುಳ್ಳ ಸ್ಟೂಲು. ದಿನಕ್ಕೆ ಮೊದಲಿನಷ್ಟು ನೆಲ ಮುಗಿಯುತ್ತಿರಲಿಲ್ಲ, ಅದನ್ನು ನುಂಗಿಕೊಳ್ಳಲು ಮೇಸ್ತ್ರಿಗೆ ಬಹಳ ಕಾಲ ಬೇಕಾಯಿತು. ಬಲ ಮಂಡಿಗೆ ಮುಂದೊಂದು ದಿನ ಶಸ್ತ್ರಚಿಕಿತ್ಸೆ ಬೇಕಾಗಬಹುದೆಂದು ವೈದ್ಯರು ಮುಚ್ಚುಮರೆಯಿಲ್ಲದೆ ಹೇಳಿದ್ದರು. ಈಗ ಆ ಮಾತಿಗೆ ಅವರು ಬೆಚ್ಚುತ್ತಿರಲಿಲ್ಲ.

ಉಳಿದದ್ದು ಅಕ್ಕನ ವಿಷಯ. ಪುಡಿ ಮಾರುವವನು ವಾಪಸು ಬಂದಿದ್ದ. ಕೂಡಿಟ್ಟಿದ್ದ ಪೊಟ್ಟಣಗಳಲ್ಲಿ ಅಷ್ಟು ದಿನ ದೂಡಿದ್ದ ಅವಳು ಇನ್ನೂ ತಿನ್ನುತ್ತಿದ್ದಳು. ತಮ್ಮ ಆಸ್ಪತ್ರೆ ಸೇರಿದ್ದು ಗೊತ್ತಿದ್ದೂ ಬಂದಿರಲಿಲ್ಲ; ತನ್ನ ಕೈಯಾರೆ ಕೊಟ್ಟದ್ದೆಂಬ ಅಳುಕು. ಮೇಸ್ತ್ರಿ ಅವಳ ಮನೆಯ ಮೂರು ಮಹಡಿಗಳನ್ನೂ ನಿಂತು ನಿಂತು ಹತ್ತಿದರು. ಬಾಗಿಲು ತೆರೆದ ಅಕ್ಕನ ಮುಖ ದುಂಡಗಾಗಿತ್ತು.

"ಬೈಯೋಕೆ ಬಂದ್ಯಾ?"

"ಕರ್ಕೊಂಡು ಹೋಗೋಕೆ ಬಂದೆ. ನೀನಾಗೇ ನಿಲ್ಲಿಸಬೇಡ, ನನ್ನ ಗತಿಯಾಗುತ್ತೆ. ಡಾಕ್ಟರ ಹತ್ರ ಹೇಳಿಯೇ ಬಿಡಬೇಕು."

ಅವಳು ಬೆನ್ನು ತಿರುಗಿಸಿ ಕಿಟಕಿಯ ಬಳಿ ನಿಂತಳು. "ಬಿಟ್ರೆ ಮತ್ತೆ ಆ ನೋವು ಬರುತ್ತಲ್ಲೋ."

"ಬರುತ್ತೆ ಅಕ್ಕ. ಸುಳ್ಳು ಹೇಳಲ್ಲ. ಬಂದಾಗ ನಾನಿರ್ತೀನಿ."

ಮುಂದಿನ ಮಂಗಳವಾರ ಬೆಳಿಗ್ಗೆ ಇಬ್ಬರೂ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದರು. ಅಕ್ಕ ಪೊಟ್ಟಣಗಳನ್ನು ಕರವಸ್ತ್ರದಲ್ಲಿ ಗಂಟು ಕಟ್ಟಿ ತಂದಿದ್ದಳು. ಒಳಗಿಂದ ಕರೆ ಬಂದಾಗ ತಮ್ಮನ ಹೆಗಲು ಹಿಡಿದು ಎದ್ದಳು.

"ಅವರೇನಾದ್ರೂ ಬೈದ್ರೆ, ನೀನೇ ನಂಗೆ ಕೊಟ್ಟಿದ್ದು ಅಂತ ಹೇಳ್ತೀನಿ, ನೋಡ್ಕೋ" ಎಂದು ಒಳಗೆ ನಡೆದಳು.