ಕುಲ್ಯಾಶಳ ಏಳು ಹಿರಿಯರು

ಕುಲ್ಯಾಶ್ ಪಾಸ್‌ಪೋರ್ಟ್ ಕಚೇರಿಯ ಮೆಟ್ಟಿಲೇರಿದಳು. ಸೋವಿಯತ್ ನಾಡಿನಲ್ಲಿ ಹದಿನಾರು ತುಂಬಿದವರು ಪಾಸ್‌ಪೋರ್ಟ್ ಎಂಬ ಗುರುತಿನ ಪತ್ರದಲ್ಲಿ ತಮ್ಮ ಜನಾಂಗ ಯಾವುದೆಂದು ಬರೆಸಲೇಬೇಕು. ಅದಿಲ್ಲದೆ ಸರ್ಕಾರಕ್ಕೆ ನಿದ್ದೆ ಹತ್ತುವುದಿಲ್ಲ. ಅವಳು ಹುಟ್ಟಿದ್ದು ಜರ್ಮನ್ ಮನೆಯಲ್ಲಿ. ಯುದ್ಧದ ಕಾಲದಲ್ಲಿ ಸರ್ಕಾರ ವೋಲ್ಗಾ ದಂಡೆಯ ಜರ್ಮನರನ್ನೆಲ್ಲ ರೈಲಿಗೆ ತುಂಬಿ ತಂದು ಈ ಕಝಾಕ್ ಬಯಲಿನಲ್ಲಿ ಇಳಿಸಿದಾಗ, ಹೆತ್ತವರು ಮೊದಲ ಚಳಿಗೇ ತೀರಿಕೊಂಡರು. ಕುರಿಗಾಹಿ ಬೈಝಾನ್ ಮಗುವನ್ನು ತನ್ನ ಕೋಟಿನೊಳಗೆ ಸುತ್ತಿ ಮನೆಗೆ ತಂದು ಸಾಕಿದ.

ಜರ್ಮನ್ ಎಂದು ಬರೆಸಿದರೆ ಗಡೀಪಾರಾದವರ ಪಟ್ಟಿಗೆ ಬೀಳುತ್ತಾಳೆ. ತಿಂಗಳು ತಿಂಗಳು ಠಾಣೆಯಲ್ಲಿ ಸಹಿ, ಊರು ದಾಟಲು ಅಪ್ಪಣೆ, ರಾಜಧಾನಿ ಅಲ್ಮಾ-ಅತಾದ ವೈದ್ಯಕೀಯ ಓದಿಗೆ ಎಳ್ಳುನೀರು. ಕಝಾಕ್ ಎಂದರೆ ಬಿಡುಗಡೆ. ಆದರೆ ಕಝಾಕರೆಂದರೆ ಏಳು ತಲೆಮಾರಿನ ಹಿರಿಯರ ಹೆಸರು ಬಾಯಿಪಾಠವಿರಬೇಕು; ಆ ಏಳರೊಳಗೆ ಗಂಡು ಹೆಣ್ಣಿಬ್ಬರಿಗೂ ಒಬ್ಬನೇ ಹಿರಿಯನಿದ್ದರೂ ಮದುವೆ ಇಲ್ಲ. ಬೈಝಾನನ ಮುತ್ತಜ್ಜ ಎಸ್ಪೋಲ್, ಎರ್ಗಾಲಿಯ ವಂಶಕ್ಕೂ ಹಿರಿಯ. ಎರ್ಗಾಲಿ ಅವಳು ಮನಸ್ಸು ಕೊಟ್ಟ ಹುಡುಗ. ಇವತ್ತು ಸಾಕ್ಷಿಗೆ ಬಂದವನೂ ಅವನೇ.

"ನನ್ನ ಹಿರಿಯರ ಹೆಸರು ಹೇಳಿದ್ಯೋ, ನೀನು ನನ್ನ ರಕ್ತಾನೇ. ಆಮೇಲೆ ಎರ್ಗಾಲಿ ನಿಂಗೆ ಅಣ್ಣ. ಯೋಚ್ನೆ ಮಾಡು ಮಗಳೇ," ಎಂದಿದ್ದ ಬೈಝಾನ್. ಕಚೇರಿಗೆ ಬರುವ ದಾರಿಯುದ್ದಕ್ಕೂ ಅವಳಾಗಲಿ ಎರ್ಗಾಲಿಯಾಗಲಿ ಆ ಮಾತೆತ್ತಲಿಲ್ಲ.

ಅಧಿಕಾರಿಯೂ ಕಝಾಕನೇ. ಅವಳನ್ನು ನೋಡಿ ನಕ್ಕ. "ಈ ಕೆಂಚು ಜಡೆಗೆ ಕಝಾಕ್ ಅಂತ ಬರೀಲಾ? ನನ್ನೇನು ಕುರುಡ ಅಂದ್ಕೊಂಡ್ಯಾ?"

"ಬೈಝಾನ್ ನಮ್ಮಪ್ಪ."

"ಓಹೋ! ಹಾಗಾದ್ರೆ ಏಳು ಹಿರಿಯರ ಹೆಸ್ರು ಹೇಳು ನೋಡೋಣ. ತಡವರಿಸಿದ್ಯೋ, ಜರ್ಮನ್ ಅಂತ ಗೀಚಿಬಿಡ್ತೀನಿ."

"ಬೈಝಾನ್. ಸಾರ್ಸೆನ್. ತೊಲೆಕ್..."

ಮುಂದಿನ ಹೆಸರು ಮರೆತಿರಲಿಲ್ಲ. ಹಾಳಾದ್ದು, ಮರೆತಿದ್ದರೆ ಎಷ್ಟು ಚೆನ್ನಾಗಿತ್ತು! ಠಾಣೆಯಲ್ಲಿ ಸಹಿ ಹಾಕಿಕೊಂಡೇ ಬದುಕಿದರಾಯಿತು, ಎರ್ಗಾಲಿ ಇರುತ್ತಾನಲ್ಲ ಎಂದುಕೊಂಡು ತುಟಿ ಬಿಗಿದು ನಿಂತಳು. ಅಧಿಕಾರಿ ಲೇಖನಿಯನ್ನು ಮಸಿಗೆ ಅದ್ದಿದ.

"ಎಸ್ಪೋಲ್," ಎಂದ ಎರ್ಗಾಲಿ.

"ನಿನ್ನ ಯಾರಯ್ಯ ಕೇಳಿದ್ದು?"

"ಅವ್ನು ನಮ್ಗೂ ಹಿರಿಯ ಸಾಹೇಬ್ರೇ. ಹೆದರ್ಕೊಂಡು ಬಾಯಿ ಕಟ್ಟಿದೆ ಇವ್ಳಿಗೆ." ಉಳಿದ ಮೂರು ಹೆಸರನ್ನೂ ಅವನೇ ಒಂದೇ ಉಸಿರಿಗೆ ಹೇಳಿ ಮುಗಿಸಿದ.

ಬೇಡವೋ ಎಂದು ಕಿರುಚಬೇಕೆನಿಸಿತು ಕುಲ್ಯಾಶಳಿಗೆ.

"ಅಂದ್ರೆ ಇವ್ಳು ನಿಂಗೇನಾಗ್ಬೇಕು?"

ಎರ್ಗಾಲಿ ಅವಳ ಕಡೆ ನೋಡಲಿಲ್ಲ. "ತಂಗಿ."

ಅಧಿಕಾರಿ ಕಝಾಕ್ ಎಂದು ಬರೆದು ಕಾಗದವನ್ನು ಅವಳತ್ತ ತಳ್ಳಿದ. "ಅಣ್ಣ ಅಂದ್ರೆ ಹೀಗಿರ್ಬೇಕು ನೋಡು. ಅಳೋದ್ಯಾಕಮ್ಮ, ಸಹಿ ಹಾಕು."

ಹಾಕಿದಳು.